ಇರಬೇಕಿದ್ದ ಚುಕ್ಕೆ

ಇಂದುಮತಿಗೆ ಒಂದು ಚಾಳಿಯಿತ್ತು. ಯಾರು ಏನು ಕೇಳಿದರೂ ಕೇಳಿದವರಿಗೆ ತಿಳಿಯುವ ಹಾಗೆ ಹೇಳಿಬಿಡುವುದು. ಅದನ್ನು ಎಲ್ಲರೂ ಗುಣವೆಂದೇ ಕರೆದರು. ವಡೋದರಾದ ವಿಶ್ವವಿದ್ಯಾಲಯದಲ್ಲಿ ಅವಳ ಪ್ರಯೋಗಾಲಯಕ್ಕೆ ಯಾರಾದರೂ ದೊಡ್ಡ ಮನುಷ್ಯರು ಬಂದರೆ ಅವಳ ಗೈಡ್ ಜಾನಿ ಸಾಹೇಬರು ತಾವು ಹಿಂದೆ ಸರಿದು ಅವಳನ್ನು ಮುಂದೆ ಬಿಡುತ್ತಿದ್ದರು. ಅವಳು ಎರಡು ಮಾತಿನಲ್ಲಿ ಕ್ಯಾನ್ಸರನ್ನು ಹೇಳಿ ಮುಗಿಸುತ್ತಿದ್ದಳು, ಬಂದವರು ತಲೆದೂಗಿ ಚಹಾ ಕುಡಿದು ಹೋಗುತ್ತಿದ್ದರು. ಹೇಳದೆ ಬಿಟ್ಟದ್ದು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಅವಳೂ ಕೇಳಿಕೊಂಡವಳಲ್ಲ.

ಉಡುಪಿ ಕಡೆಯವಳು. ಎಂಎಸ್ಸಿ ಮುಗಿದದ್ದೇ ಮದುವೆ, ಆಮೇಲೆ ಬ್ಯಾಂಕಿನ ಗಂಡ ಗೋಪಾಲಕೃಷ್ಣನ ವರ್ಗಾವಣೆಗಳ ಹಿಂದೆ ಊರೂರು ಅಲೆದಾಟ. ವಡೋದರಾಕ್ಕೆ ಬಂದ ಮೇಲೆ ಹಟ ಹಿಡಿದು ಪಿಎಚ್‌ಡಿಗೆ ಸೇರಿದಳು. ನಲವತ್ತು ಹತ್ತಿರವಾದರೂ ಇನ್ನೂ ವಿದ್ಯಾರ್ಥಿನಿ. ಅವಳ ಕೆಲಸವೆಲ್ಲ ಮಿಕ್ ಎಂಬ ಒಂದು ಪ್ರೋಟೀನಿನ ಮೇಲೆ. ಜೀವಕೋಶದೊಳಗೆ ಜೀನುಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಪ್ರೋಟೀನುಗಳಲ್ಲಿ ಅದೂ ಒಂದು. ಅದರ ಮೈಮೇಲೆ ಫಾಸ್ಫೇಟ್ ಎಂಬ ಸಣ್ಣ ತುಣುಕು ಎಲ್ಲಿ ಅಂಟುತ್ತದೆ, ಎಲ್ಲಿ ಕಳಚುತ್ತದೆ ಎಂಬುದರ ಮೇಲೆ ಅದರ ಆಟವೆಲ್ಲ ನಿಂತಿದೆ. ಆ ತುಣುಕಿನ ಬೆನ್ನು ಹತ್ತಿ ಅವಳು ಐದು ವರ್ಷ ಕಳೆದಿದ್ದಳು.

ಅವಳಿಗೆ ಇದ್ದೊಬ್ಬ ತಮ್ಮ ಹಯವದನ. ಅವನದು ಸೂರತ್‌ನ ವರಾಛಾದಲ್ಲಿ ಹೋಟೆಲು, ಮೇಲಿನ ಮಾಳಿಗೆಯಲ್ಲಿ ಮನೆ. ಸುತ್ತ ವಜ್ರ ಉಜ್ಜುವ ಕಾರ್ಖಾನೆಗಳು. ಸೌರಾಷ್ಟ್ರದಿಂದ ಬಂದ ಕೆಲಸಗಾರರು ಸಾಂಬಾರಿಗೆ ಸಕ್ಕರೆ ಕೇಳಿದರೆ, "ಪಾಯಸ ಬೇರೆ ಇದೆ, ಅದನ್ನು ತಿನ್ನಿ" ಎಂದು ಅವರದೇ ಗುಜರಾತಿಯಲ್ಲಿ ಬೈದು, ಕೇಳದೆಯೇ ಎರಡನೆಯ ಸಲ ಸಾಂಬಾರ್ ಹಾಕಿಸುವ ಮನುಷ್ಯ. ತಾನೂ ಗಡದ್ದಾಗಿ ಉಣ್ಣುವವನು. ಮೊಸರಿಲ್ಲದೆ ಊಟ ಮುಗಿಸಿದವನೇ ಅಲ್ಲ. ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಅವನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಡಾಕ್ಟರು ಅದನ್ನು ಕೊಯ್ದು ನೋಡಿ ಲಿಂಫೋಮಾ ಎಂದರು. ಇಂದುಮತಿ ಸೂರತ್‌ಗೆ ಓಡಿಬಂದಳು. ಡಾಕ್ಟರ ಅಪ್ಪಣೆ, ತಮ್ಮನ ಒಪ್ಪಿಗೆ ಎರಡನ್ನೂ ಪಡೆದು ಆ ಗಂಟಿನ ಒಂದು ಚೂರನ್ನು ಥರ್ಮಾಸಿನಲ್ಲಿ ಮಂಜುಗಡ್ಡೆಯ ಮೇಲಿಟ್ಟುಕೊಂಡಳು. ಅದರಲ್ಲಿ ಅವಳ ಮಿಕ್ ಏನು ಮಾಡುತ್ತಿದೆ ಎಂದು ನೋಡಬೇಕಿತ್ತು. ನೋಡಿ ಮಾಡುವುದೇನು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಕೈಕಟ್ಟಿ ಕೂರಲು ಆಗಲಿಲ್ಲ, ಅಷ್ಟೆ.

ಮಧ್ಯಾಹ್ನದ ಊಟದವರು ಹೋಗಿ ಸಂಜೆಯ ತಿಂಡಿಯವರು ಬರುವ ನಡುವೆ ಹೋಟೆಲು ಖಾಲಿಯಾಗಿತ್ತು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಿದ್ದ ಹಯವದನ ಎದುರಿನ ಬೆಂಚಿನಲ್ಲಿ ಕೂತ.

"ಅಕ್ಕ, ನೀನು ಇದನ್ನೇ ಓದುವುದಲ್ವಾ? ನನಗೆ ಎಂತ ಆಗಿದೆ ಅಂತ ಹೇಳು. ಡಾಕ್ಟರು ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ."

ಚಾಳಿ ಎಲ್ಲಿ ಬಿಡುತ್ತದೆ? ಇಂದುಮತಿ ಸುತ್ತ ಒಮ್ಮೆ ನೋಡಿ ಶುರುಮಾಡಿದಳು. "ನಿನ್ನ ಹೋಟೆಲಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತು ಆರ್ಡರ್ ಕೂಗುವವನು ಇದ್ದಾನಲ್ಲ, ಹಾಗೆ ಒಬ್ಬ ಜೀವಕೋಶದ ಒಳಗೂ ಇದ್ದಾನೆ. ಅವನು ಕೂಗಿದರೆ ಒಳಗಿನವರು ಬೇಯಿಸ್ತಾರೆ. ಅವನ ಮೈಗೆ ಫಾಸ್ಫೇಟ್ ಅಂತ ಒಂದು ವಸ್ತು ಅಂಟಿದರೆ ಅವನಿಗೆ ಜೋರು ಬರ್ತದೆ. ಗಿರಾಕಿ ಇಲ್ಲದಿದ್ದರೂ ಕೂಗ್ತಾನೆ. ಒಲೆ ಆರುವುದೇ ಇಲ್ಲ, ದೋಸೆ ಮೇಲೆ ದೋಸೆ. ನಿನ್ನ ಕುತ್ತಿಗೆಯ ಗಂಟು ಅಂದರೆ ಅದೇ."

"ಓಹೋ, ಎಲ್ಲ ಆ ಫಾಸ್ಫೇಟಿನ ಉಪದ್ರ!" ಎಂದ ಹಯವದನ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು, ಎದ್ದುಹೋದ.

ಕಥೆಗೆ ಇನ್ನೂ ಅರ್ಧ ಬಾಕಿಯಿತ್ತು. ಅದೇ ಪ್ರೋಟೀನಿನ ಮೈಮೇಲೆ ಪಕ್ಕದಲ್ಲೇ ಇನ್ನೊಂದು ಜಾಗವಿದೆ. ಅಲ್ಲಿ ಫಾಸ್ಫೇಟ್ ಅಂಟಿದರೆ ಅದು "ಕೂಗಿದ್ದು ಸಾಕು, ಇನ್ನು ಇವನನ್ನು ಹೊರಗೆ ಕಳಿಸಿ" ಎನ್ನುವ ಗುರುತು. ಆ ಗುರುತು ಬಿದ್ದ ಮಿಕ್ ಪ್ರೋಟೀನನ್ನು ಜೀವಕೋಶ ಒಡೆದು ಹಾಕುತ್ತದೆ. ಕೆಲವು ಲಿಂಫೋಮಾಗಳಲ್ಲಿ ಕೆಟ್ಟಿರುವುದು ಈ ಎರಡನೆಯ ಜಾಗವೇ. ಅಲ್ಲಿ ಫಾಸ್ಫೇಟ್ ಅಂಟುವುದಿಲ್ಲ, ಕೂಗುವವನು ಹೊರಗೆ ಹೋಗುವುದಿಲ್ಲ. ಒಂದೇ ವಸ್ತು ಒಂದು ಕಡೆ ಕೊಳ್ಳಿ, ಇನ್ನೊಂದು ಕಡೆ ನೀರು. ಇದನ್ನೂ ಹೇಳಬೇಕು ಎಂದುಕೊಂಡಳು. ರೈಲಿನ ಹೊತ್ತಾಗಿತ್ತು, ಥರ್ಮಾಸಿನಲ್ಲಿ ಮಂಜು ಕರಗುತ್ತಿತ್ತು. ಬಡಪಾಯಿಯ ತಲೆ ಇನ್ನಷ್ಟು ತಿನ್ನುವುದೇಕೆ ಎಂದು ಹೊರಟುಬಿಟ್ಟಳು.

ಮೊದಲ ಸುತ್ತಿನ ಸೂಜಿಮದ್ದು ಆಯಿತು, ಗಂಟುಗಳು ಇಳಿದವು. ಆಷಾಢದಲ್ಲಿ ಹಯವದನನ ಹೆಂಡತಿ ಪ್ರೇಮಾ ಫೋನು ಮಾಡಿದಾಗ ಅವಳ ದನಿಯಲ್ಲಿ ಉತ್ಸಾಹವಿತ್ತು.

"ಅತ್ತಿಗೆ, ಇವರು ಈ ಸಲ ಚಾತುರ್ಮಾಸ್ಯ ಹಿಡಿದಿದ್ದಾರೆ. ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟು."

ಇಂದುಮತಿಗೆ ನಗು ಬಂತು. ಒಂದು ತಿಂಗಳು ತರಕಾರಿ ಬಿಡಬೇಕು, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಕಡೆಯ ತಿಂಗಳು ಬೇಳೆಕಾಳು. ಅವರ ಮನೆಯಲ್ಲಿ ಅಜ್ಜಿಯ ಕಾಲಕ್ಕೇ ಮುಗಿದುಹೋಗಿದ್ದ ವ್ರತ ಅದು. ದಿನವಿಡೀ ಸಾಂಬಾರಿನ ನಡುವೆ ನಿಲ್ಲುವವನಿಗೆ ಇದೆಲ್ಲಿಯ ಹುಚ್ಚು! ಆದರೂ ಹೆದರಿದ ಮನುಷ್ಯ ದೇವರ ಕಾಲು ಹಿಡಿದರೆ ತಪ್ಪೇನು? ಹಾಗೆಂದುಕೊಂಡು ಸುಮ್ಮನಾದಳು. ಒಂದು ತಿಂಗಳಿಗೆ ಒಂದು ಬಿಡುವುದರಿಂದ ಯಾರೂ ಸೊರಗುವುದಿಲ್ಲ. ಅವನು ನಾಲ್ಕನ್ನೂ ಒಟ್ಟಿಗೇ ಬಿಟ್ಟಿದ್ದಾನೆ ಎಂದು ಪ್ರೇಮಾ ಹೇಳಲಿಲ್ಲ. ಹೇಳಬೇಕಾದ ವಿಷಯವೆಂದೇ ಪ್ರೇಮಾಗೆ ತೋರಿರಲಿಲ್ಲ.

ಇತ್ತ ಪ್ರಯೋಗಾಲಯದಲ್ಲಿ ತಮ್ಮನ ಜೀವಕೋಶಗಳು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿ ಕಾದಿದ್ದವು. ವಿಕಿರಣ ಸೂಸುವ ರಂಜಕ, ಅಂದರೆ ಫಾಸ್ಫೇಟಿನ ಮೂಲಧಾತು, ಮುಂಬಯಿಯಿಂದ ಬರಬೇಕು. ಅದನ್ನು ಜೀವಕೋಶಗಳಿಗೆ ಕುಡಿಸಿ, ಮಿಕ್ ಪ್ರೋಟೀನನ್ನು ಹೊರತೆಗೆದು, ಚೂರು ಮಾಡಿ ಹರಡಿ, ಎಕ್ಸ್‌ರೇ ಫಿಲ್ಮಿನ ಕೆಳಗಿಟ್ಟರೆ ಫಾಸ್ಫೇಟ್ ಅಂಟಿದ ಜಾಗಗಳು ಕಪ್ಪು ಚುಕ್ಕೆಗಳಾಗಿ ಮೂಡುತ್ತವೆ. ಮೊದಲ ಸಲ ಫಿಲ್ಮಿನ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ. ಜೀವಕೋಶ ಒಡೆದ ಕೂಡಲೇ ಫಾಸ್ಫೇಟುಗಳನ್ನು ಕಿತ್ತುಹಾಕುವ ಕಿಣ್ವಗಳು ಎದ್ದು ಕೂರುತ್ತವೆ, ಅವನ್ನು ತಡೆಯುವ ಮದ್ದನ್ನು ಮೊದಲೇ ಬೆರೆಸಿರಬೇಕು. ಐದು ವರ್ಷ ತಪ್ಪದೆ ಬೆರೆಸಿದ ಕೈ ಅಂದು ಮರೆತಿತ್ತು. ಸೀಸೆಯ ಮೇಲೆ ತಮ್ಮನ ಹೆಸರಿತ್ತು. ಮತ್ತೆ ರಂಜಕ ತರಿಸಿ, ಮತ್ತೆ ಮಾಡಿ, ಸೆಪ್ಟೆಂಬರಿನಲ್ಲಿ ಒಳ್ಳೆಯ ಫಿಲ್ಮು ಬಂತು. ಹೋಲಿಕೆಗೆಂದು ಇಟ್ಟ ಬೇರೆ ಜೀವಕೋಶಗಳಲ್ಲಿ ಇದ್ದ ಒಂದು ಚುಕ್ಕೆ ಹಯವದನನದರಲ್ಲಿ ಇರಲಿಲ್ಲ. ಉಳಿದವೆಲ್ಲ ಇದ್ದವು. ಎರಡನೆಯ ಜಾಗ ಬಟ್ಟಬಯಲು.

ಕತ್ತಲ ಕೋಣೆಯ ಕೆಂಪು ದೀಪದಲ್ಲಿ ಅದನ್ನು ಕಂಡಾಗ ಇಂದುಮತಿಗೆ ಸಂತೋಷವಾಯಿತು. ಪ್ರಯೋಗ ಗೆದ್ದಿತ್ತು, ಪ್ರಬಂಧಕ್ಕೆ ಇಂಥದೊಂದು ಚಿತ್ರ ಬೇಕಿತ್ತು. ಮರುಕ್ಷಣ ಅದು ಯಾರ ಕುತ್ತಿಗೆಯದೆಂದು ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಆ ವಾರವೇ ಸೂರತ್‌ನಲ್ಲಿ ಪ್ಲೇಗು ಎಂಬ ಸುದ್ದಿ ಹಬ್ಬಿತು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಸೂರತ್‌ನಿಂದ ಬಂದವರೆಂದರೆ ವಡೋದರಾದಲ್ಲಿ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪ್ರೇಮಾ ಎಸ್‌ಟಿಡಿ ಬೂತಿನಿಂದ ಅಳುತ್ತ ಮಾತಾಡಿದಳು. "ಎಲ್ಲರೂ ಓಡಿದ್ದಾರೆ ಅತ್ತಿಗೆ. ಡಾಕ್ಟರೂ ಹೋಗಿಯಾಯ್ತು. ಹೋಗುವ ಮೊದಲು ಹೇಳಿದ್ರು, ಇವರ ಮೈಯಲ್ಲಿ ಏನೂ ಉಳಿದಿಲ್ಲವಂತೆ. ಊಟ ಮಾಡಿ ತೂಕ ಬಂದರೆ ಮಾತ್ರ ಮುಂದಿನ ಸೂಜಿಯಂತೆ. ಇಲ್ಲದಿದ್ದರೆ ಸೂಜಿಯೇ ಕೊಂದುಬಿಡ್ತದಂತೆ. ಸೂಜಿ ನಿಂತದ್ದೇ ಗಂಟುಗಳು ಪುನಃ ಬಂದಿವೆ."

"ಹುಚ್ಚೇ ನಿನಗೆ? ಜನ ಬಿಟ್ಟು ಓಡುತ್ತಿರುವ ಊರಿಗೆ ಹೋಗುತ್ತೀಯಾ?" ಎಂದ ಗೋಪಾಲಕೃಷ್ಣ. ಅವನ ಮಾತು ಸರಿಯಾಗಿಯೇ ಇತ್ತು. ಅವಳು ಫಿಲ್ಮನ್ನು ಲಕೋಟೆಯಲ್ಲಿಟ್ಟು, ಮೂಗಿಗೆ ಬಟ್ಟೆ ಕಟ್ಟಿ ಹೊರಟಳು. ಸೂರತ್‌ನಿಂದ ಬರುವ ರೈಲುಗಳ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಅವಳು ಕೂತ ಡಬ್ಬಿಯಲ್ಲಿ ಅವಳೊಬ್ಬಳೇ.

ವರಾಛಾದಲ್ಲಿ ಒಂದು ಸಾಣೆಯ ಸದ್ದೂ ಇರಲಿಲ್ಲ. ವಜ್ರದ ಕಾರ್ಖಾನೆಗಳಿಗೆಲ್ಲ ಬೀಗ. ಹೋಟೆಲಿನ ಷಟರ್ ಎಳೆದಿತ್ತು. ಮಾಳಿಗೆಯಲ್ಲಿ ಗೋಡೆಗೊರಗಿ ಕೂತಿದ್ದವನನ್ನು ಕಂಡು ಇಂದುಮತಿ ಬಾಗಿಲಲ್ಲೇ ನಿಂತಳು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು, ಜನಿವಾರ ಪಕ್ಕೆಲುಬಿನ ಮೇಲೆ ಮಲಗಿತ್ತು. ಎದುರಿಗೆ ತಟ್ಟೆಯಲ್ಲಿ ತಿಳಿಗಂಜಿ, ಉಪ್ಪು.

"ಇದೆಂತ ಊಟ ಹಯ? ಬೇಳೆ ಎಲ್ಲಿ? ಮಜ್ಜಿಗೆಯಾದರೂ ಬೇಡ್ವಾ?"

ಅವನು ನಕ್ಕ. ಆ ನಗುವಿನಲ್ಲಿ ಹೆಮ್ಮೆಯಿತ್ತು. "ನೀನು ಹೇಳಿದ ಮೇಲೆ ಒಂದು ಹನಿ ಫಾಸ್ಫೇಟ್ ಒಳಗೆ ಬಿಟ್ಟಿಲ್ಲ ಅಕ್ಕ. ಹಾಲಿಲ್ಲ, ಮೊಸರಿಲ್ಲ, ಬೇಳೆಯಿಲ್ಲ, ಶೇಂಗಾ ಇಲ್ಲ. ಯಾವುದರಲ್ಲಿ ಎಷ್ಟು ಉಂಟು ಅಂತ ದಿವ್ಯಾ ಶಾಲೆಯ ಪಾಠ ಓದಿ ಹೇಳಿದಳು. ಚಾತುರ್ಮಾಸ್ಯದ ಸಂಕಲ್ಪವನ್ನೂ ಮಾಡಿಬಿಟ್ಟೆ, ಕೇಳಿದವರಿಗೆಲ್ಲ ಅದನ್ನೇ ಹೇಳಿದ್ದು. ಕೂಗುವವನಿಗೆ ಫಾಸ್ಫೇಟೇ ಸಿಗದಿದ್ದರೆ ಅವನು ಹೇಗೆ ಕೂಗ್ತಾನೆ ನೋಡುವ!"

ಗೋಡೆಯ ಬದಿಗೆ ಕೂತಿದ್ದ ಮಗಳು ದಿವ್ಯಾ, ಎಂಟನೆಯ ಕ್ಲಾಸಿನವಳು, ಅಪ್ಪ ತನ್ನ ಹೆಸರು ಹೇಳಿದ್ದಕ್ಕೆ ಮುಖ ಅರಳಿಸಿದಳು. ಪ್ರೇಮಾ, "ನೀವೇ ಹೇಳಿದ್ದು ಅಂದ ಮೇಲೆ ನಾನು ಎರಡು ಮಾತಾಡಲಿಲ್ಲ. ಅವರು ಆಸೆಪಟ್ಟು ಕೇಳಿದ ದಿನವೂ ಮೊಸರು ಕೊಡಲಿಲ್ಲ" ಎಂದಳು.

ಅಷ್ಟು ತಿಂಗಳು ಅವನು ಇಂದುಮತಿಯ ಬಾಯಿಂದ ಬಂದ ಅರ್ಧ ಕಥೆಯನ್ನು ಉಪವಾಸ ಮಾಡಿ ಪಾಲಿಸಿದ್ದ. ಅವಳಿಗೆ ಕಿರುಚಬೇಕೆನಿಸಿತು. ಫಾಸ್ಫೇಟ್ ಬಿಟ್ಟು ಬದುಕುವ ಜೀವಕೋಶ ಲೋಕದಲ್ಲಿಲ್ಲ. ಊಟ ಬಿಟ್ಟರೆ ದೇಹ ತನ್ನ ಎಲುಬಿನಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ, ಕೂಗುವವನಿಗೆ ಒಂದು ದಿನವೂ ಕಡಿಮೆಯಾಗುವುದಿಲ್ಲ. ಬತ್ತಿದ್ದು ಮೈಯೊಂದೇ. ಆದರೆ ಇದನ್ನು ಹೇಳಿದರೆ ಅವನ ಕೈಯಲ್ಲಿ ಉಳಿಯುವುದೇನು? ಎಲ್ಲ ವ್ಯರ್ಥ ಎಂದು ತಿಳಿದ ಮನುಷ್ಯ ನಾಳೆ ಯಾವ ಆಸೆಗೆ ಅನ್ನ ನುಂಗುತ್ತಾನೆ? ಅವನು ಉಣ್ಣಬೇಕಿತ್ತು. ಉಂಡರೆ ತೂಕ, ತೂಕವಾದರೆ ಸೂಜಿ. ಅವನ ಜೀವಕ್ಕೆ ಉಳಿದ ದಾರಿ ಅದೊಂದೇ.

ಅವಳು ಲಕೋಟೆಯಿಂದ ಫಿಲ್ಮು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಎಲ್ಲರೂ ಹತ್ತಿರ ಬಂದರು.

"ಇದು ನಿನ್ನದು. ಈ ಚುಕ್ಕೆಗಳೆಲ್ಲ ಫಾಸ್ಫೇಟು. ನಾನು ಅವತ್ತು ಅರ್ಧ ಹೇಳಿದ್ದೆ ಹಯ. ಇಲ್ಲಿ ನೋಡು, ಇಲ್ಲಿ ಒಂದು ಚುಕ್ಕೆ ಇರಬೇಕಿತ್ತು. ಇಲ್ಲಿ ಫಾಸ್ಫೇಟ್ ಅಂಟಿದರೆ ಕೂಗುವವನನ್ನು ಹೊರಗೆ ಕಳಿಸ್ತಾರೆ. ನಿನ್ನಲ್ಲಿ ಅದೇ ಇಲ್ಲ."

ಹಯವದನ ಬರಿದಾದ ಆ ಜಾಗದ ಮೇಲೆ ಬೆರಳಿಟ್ಟು ತುಂಬ ಹೊತ್ತು ನೋಡಿದ. "ಇಷ್ಟು ಸಣ್ಣದಾ?" ಎಂದ. ಆಮೇಲೆ ಅವಳು ಹೆದರಿದ್ದ ಪ್ರಶ್ನೆಯನ್ನೇ ಕೇಳಿದ. "ಹಾಗಾದರೆ ಹಾಲು ಕುಡಿದರೆ ಇದು ಬರ್ತದಾ ಅಕ್ಕ?"

ಇಲ್ಲ. ಆ ಜಾಗದ ಅಚ್ಚೇ ಬದಲಾಗಿತ್ತು. ಎಷ್ಟು ಕುಡಿದರೂ ಅಲ್ಲಿ ಏನೂ ಅಂಟುವ ಹಾಗಿರಲಿಲ್ಲ.

"ಬರ್ತದೆ," ಎಂದಳು ಇಂದುಮತಿ.

ಪ್ರೇಮಾಗೆ ದಿಗಿಲಾಯಿತು. "ಈಗ ಕ್ಷೀರವ್ರತದ ತಿಂಗಳು ಅತ್ತಿಗೆ. ಹಾಲು ಬಿಡಬೇಕಾದದ್ದೇ ಈಗ. ವ್ರತ ಮುರಿದರೆ?"

"ಮದ್ದಿಗೆ ದೋಷವಿಲ್ಲ," ಎಂದು ಹೇಳಿ ಇಂದುಮತಿ ಕ್ಯಾನು ಹಿಡಿದು ಕೆಳಗಿಳಿದಳು. ಅಂಗಡಿಗಳೆಲ್ಲ ಮುಚ್ಚಿದ್ದವು. ರಸ್ತೆಯ ತುದಿಯಲ್ಲಿ ಒಬ್ಬ ಮುದುಕ ತನ್ನ ಎಮ್ಮೆಗಳ ನಡುವೆ ಕೂತಿದ್ದ. ನೀವು ಓಡಲಿಲ್ಲವೇ ಎಂದು ಕೇಳಿದ್ದಕ್ಕೆ ಇವನ್ನು ಯಾವ ರೈಲಿಗೆ ಹತ್ತಿಸಲಿ ತಂಗೀ ಎಂದ. ಕರೆದ ಹಾಲನ್ನು ಕೊಳ್ಳುವವರಿಲ್ಲದೆ ಮೋರಿಗೆ ಚೆಲ್ಲುತ್ತಿದ್ದವನು ಅವಳ ಕ್ಯಾನನ್ನು ತುಂಬಿಸಿ ಕೊಟ್ಟ.

ಹಯವದನ ಆ ಹಾಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಅರ್ಧ ಕುಡಿದು ಕಣ್ಣು ಮುಚ್ಚಿ ಕೂತ, ಮತ್ತೆ ಕುಡಿದ. ಅವನ ಕಣ್ಣಿನಿಂದ ನೀರಿಳಿಯಿತು. ಪ್ರೇಮಾ ಸೆರಗಿನಿಂದ ಅವನ ಮೀಸೆ ಒರೆಸಿದಳು. ಇಂದುಮತಿ ಕಿಟಕಿಯ ಕಡೆ ತಿರುಗಿ ನಿಂತಳು.

ಜನ ಊರಿಗೆ ಮರಳಿದ ಮೇಲೆ ಅವನನ್ನು ವಡೋದರಾಕ್ಕೆ ಕರೆತಂದಳು. ಹಾಲು, ತೊವ್ವೆ, ಮೊಸರನ್ನ, ಏನು ಕೊಟ್ಟರೂ ಉಂಡ. ತೂಕ ಬಂತು, ಮುಖಕ್ಕೆ ರಕ್ತ ಬಂತು, ಸೂಜಿ ಮತ್ತೆ ಶುರುವಾಯಿತು. ಅಲ್ಲಿಯ ಡಾಕ್ಟರು ಅವಳನ್ನು ಬೇರೆ ಕರೆದು, "ನಡುವೆ ಬಿಡುವು ಬಿತ್ತಲ್ಲ, ರೋಗ ಮದ್ದಿಗೆ ಒಗ್ಗಿಹೋಗಿದೆ. ಬಿಡದೆ ಕೊಟ್ಟಿದ್ದರೂ ಗೆಲ್ಲುವುದು ಕಷ್ಟವೇ ಇತ್ತು, ಈಗಂತೂ" ಎಂದು ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧ ಅವಳಿಗೆ ತಿಳಿಯಿತು. ಸಂಜೆ ಪ್ರಯೋಗಾಲಯದಿಂದ ಬಂದ ಕೂಡಲೇ ಹಯವದನ ಮಂಚದಿಂದಲೇ ಕೇಳುತ್ತಿದ್ದ, "ಚುಕ್ಕೆ ಬಂತಾ ಅಕ್ಕ?" "ಬರ್ತಾ ಉಂಟು," ಎನ್ನುತ್ತಿದ್ದಳು. ಅವನು ಪ್ರೇಮಾಳ ಕಡೆ ತಿರುಗಿ ಇನ್ನೊಂದು ಲೋಟ ಕೇಳುತ್ತಿದ್ದ. ಹಗಲಿಡೀ ಒಂದು ಸುಳ್ಳೂ ನಡೆಯದ ಕೆಲಸ ಮಾಡುವ ಹೆಂಗಸು ಮನೆಗೆ ಬಂದು ದಿನವೂ ಅದೇ ಸುಳ್ಳು ಹೇಳಿದಳು. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಉತ್ತರಾಯಣದ ಗಾಳಿಪಟಗಳು ಆಕಾಶ ತುಂಬಿದ್ದ ದಿನ ಹಯವದನ ತೀರಿಕೊಂಡ.

ಚೈತ್ರದಲ್ಲಿ ಪ್ರೇಮಾ ಹೋಟೆಲಿನ ಷಟರ್ ಎತ್ತಿ ತಾನೇ ಗಲ್ಲಾದಲ್ಲಿ ಕೂತಳು. ಗಟ್ಟಿಗಿತ್ತಿ ಎಂದರು ಎಲ್ಲರೂ. ಇಂದುಮತಿ ನೋಡಲು ಹೋದಾಗ, ಅದೇ ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ, ಅದೇ ಬೆಂಚಿನಲ್ಲಿ ಕೂತು ಪ್ರೇಮಾ ಮೆಲ್ಲಗೆ ಕೇಳಿದಳು.

"ಅತ್ತಿಗೆ, ಒಂದು ಕೇಳ್ತೇನೆ, ಮುಚ್ಚಿಡಬೇಡಿ. ನಾನು ಮೊದಲಿನಿಂದಲೇ ಹಾಲು ಕೊಟ್ಟಿದ್ದರೆ ಆ ಚುಕ್ಕೆ ಹೋಗ್ತಿರಲಿಲ್ಲ ಅಲ್ವಾ? ಅವರು ಮೊಸರು ಕೇಳಿದಾಗ ನಾನು ಕೊಡದೆ ಕೂತೆ. ನಾನೇ ಅವರನ್ನು ಕೊಂದ ಹಾಗಾಯ್ತಲ್ವಾ?"

ಇಂದುಮತಿ ತನ್ನ ಸುಳ್ಳು ತಮ್ಮನ ಜೊತೆಗೇ ಉರಿದುಹೋಯಿತು ಎಂದುಕೊಂಡಿದ್ದಳು. ಅದು ಇಲ್ಲಿ ಗಲ್ಲಾದಲ್ಲಿ ಕೂತು ಹೋಟೆಲು ನಡೆಸುತ್ತಿತ್ತು. ಅವಳು ಪ್ರೇಮಾಳ ಕೈ ಹಿಡಿದುಕೊಂಡಳು. ಈ ಸಲ ಏನೂ ಬಿಡದೆ ಹೇಳಿದಳು.

"ಕೇಳು ಪ್ರೇಮಾ. ನಾನು ಅವತ್ತು ಹೇಳಿದ್ದು ಸುಳ್ಳು. ಆ ಜಾಗವೇ ಕೆಟ್ಟಿತ್ತು. ಕೊಡಗಟ್ಟಲೆ ಹಾಲು ಕುಡಿಸಿದ್ದರೂ ಅಲ್ಲಿ ಚುಕ್ಕೆ ಬರ್ತಿರಲಿಲ್ಲ. ನೀನು ಹಾಲು ಕೊಡದೆ ಅದು ಹೋದದ್ದಲ್ಲ. ಅವನು ಉಣ್ಣಲಿ ಅಂತ ನಾನು ಹಾಗೆ ಹೇಳಿದ್ದು. ಅವನು ಊಟ ಬಿಟ್ಟು ಸೊರಗಿದ್ದು, ಅದರಿಂದ ಸೂಜಿ ತಡವಾದದ್ದು, ಅದು ನಿಜ. ಆದರೆ ಬಿಡುವ ಹಾಗೆ ಮಾಡಿದ್ದು ನನ್ನ ಅರ್ಧ ಮಾತು. ಅದು ನನ್ನ ತಪ್ಪು, ನಿನ್ನದಲ್ಲ."

ಪ್ರೇಮಾ ಪೂರ್ತಿ ಕೇಳಿದಳು. ಆಮೇಲೆ ಇಂದುಮತಿಯ ಕೈಯ ಮೇಲೆ ತನ್ನ ಇನ್ನೊಂದು ಕೈ ಇಟ್ಟು, ಚಿಕ್ಕ ಮಕ್ಕಳನ್ನು ಸಂತೈಸುವ ಹಾಗೆ ಸವರಿದಳು.

"ನಿಮಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ ಅತ್ತಿಗೆ. ನನ್ನ ಸಮಾಧಾನಕ್ಕೆ ಅಂತ ಎಲ್ಲ ನಿಮ್ಮ ಮೈಮೇಲೆ ಎಳ್ಕೊಳ್ತೀರಿ. ಹಾಲು ಕುಡಿದ ಮೇಲೆ ಅವರ ಮುಖ ಹೇಗೆ ತುಂಬಿಕೊಂಡಿತು ಅಂತ ನಾನು ಕಣ್ಣಾರೆ ನೋಡಿಲ್ವಾ?"

"ಅಯ್ಯೋ, ಅದು ಊಟದಿಂದ ಪ್ರೇಮಾ, ಚುಕ್ಕೆಯಿಂದಲ್ಲ."

"ಇರಲಿ ಬಿಡಿ ಅತ್ತಿಗೆ. ತಡವಾಯ್ತು, ಅಷ್ಟೆ." ಪ್ರೇಮಾ ಕಣ್ಣೊರೆಸಿಕೊಂಡು ಎದ್ದಳು. ಶಾಲೆಯಿಂದ ಬಂದು ಚೀಲ ಇಳಿಸುತ್ತಿದ್ದ ದಿವ್ಯಾಳನ್ನು ಕರೆದು, ಹಿತ್ತಾಳೆಯ ಪಾತ್ರೆಯಿಂದ ದೊಡ್ಡ ಲೋಟದ ತುಂಬ ಹಾಲು ಬಗ್ಗಿಸಿ ಮುಂದಿಟ್ಟಳು. ಹುಡುಗಿ ಹಾಲನ್ನು ಕಂಡರಾಗದವಳು. ಮೂಗು ಮುರಿದರೂ ಎದುರಾಡಲಿಲ್ಲ.

"ಬೆಳಿಗ್ಗೆ ಒಂದು, ಸಂಜೆ ಒಂದು. ಒಂದು ದಿನವೂ ತಪ್ಪಿಸಲು ಬಿಡುವುದಿಲ್ಲ," ಎಂದಳು ಪ್ರೇಮಾ. "ಇವಳದ್ದಾದರೂ ಉಳಿಯಲಿ."

ದಿವ್ಯಾ ಲೋಟ ಎತ್ತಿ ತುಟಿಯ ಹತ್ತಿರ ಹಿಡಿದು ನಿಲ್ಲಿಸಿದಳು. ಅವಳ ಕನ್ನಡ ಅಷ್ಟಕ್ಕಷ್ಟೆ. "ಅತ್ತೆ, ನನ್ನ ಚುಕ್ಕೆ ಇದೆ ನಾ? ಪಪ್ಪಾದು ಹೋದ ಹಾಗೆ ಹೋಗಲ್ಲ ನಾ?"

ಪ್ರೇಮಾ ಪಾತ್ರೆ ಹಿಡಿದು ಹಾಗೇ ನಿಂತಳು. ತಾಯಿ ಮಗಳಿಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದರು. ಯಾರು ಏನು ಕೇಳಿದರೂ ತಿಳಿಯುವ ಹಾಗೆ ಹೇಳುತ್ತಿದ್ದ ಇಂದುಮತಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಹಾಲಿನ ಮೇಲೆ ಕೆನೆ ಕಟ್ಟತೊಡಗಿತ್ತು.

"ಕುಡಿ ಮಗಾ," ಎಂದಳು.